ಪಂಪಿಗೆ ಕಾವು ಕೊಟ್ಟ ಹಬೆಯಣ್ಣ

ಹಬೆಯಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಅವನ ಡ್ರೈವಿಂಗ್ ಲೈಸೆನ್ಸಿನ ಮೇಲೆ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಊರಿನಲ್ಲಿ ಮೊಟ್ಟಮೊದಲು ಹೈಡ್ರೋಜನ್ ಟ್ಯಾಕ್ಸಿ ಓಡಿಸಿದವನು ಅವನು. ಚಳಿಗಾಲದ ಬೆಳಗ್ಗೆ ಅದರ ಹಿಂದಿನ ಕೊಳವೆಯಿಂದ ಹೊಗೆಯ ಬದಲು ಬಿಳಿ ಹಬೆ ಬರುವುದನ್ನು ಕಂಡ ಸ್ಟ್ಯಾಂಡಿನವರು ಈ ಹೆಸರು ಅಂಟಿಸಿದರು. ತಮಾಷೆಗೆ ಅಂಟಿಸಿದ್ದನ್ನು ಅವನು ಬಿರುದಿನಂತೆ ಹೊತ್ತುಕೊಂಡು ತಿರುಗಿದ. ಗೇಲಿ ಮಾಡುವವರಿಗೆ ಗೇಲಿಯ ಸುಖವನ್ನೂ ಉಳಿಸದ ಮನುಷ್ಯ.

ಅವನ ಬಾಯಲ್ಲಿ ಎಲ್ಲಕ್ಕಿಂತ ದೊಡ್ಡ ಬೈಗುಳವೆಂದರೆ 'ದಂಡ'. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿದರೆ ದಂಡ. ಮುಚ್ಚಳ ಹಾಕದೆ ನೀರು ಕಾಯಿಸಿದರೆ ದಂಡ. ಕಿಟಕಿಯ ಸಂದುಗಳಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿದ್ದ, ಬಿಸಿಲು ಹೀರದಿರಲೆಂದು ತಾರಸಿಗೆ ಬಿಳಿ ಬಣ್ಣ ಬಳಿದಿದ್ದ, ಫ್ರಿಜ್ಜಿನ ಬಾಗಿಲು ಸರಿಯಾಗಿ ಕೂರುತ್ತದೋ ಇಲ್ಲವೋ ಎಂದು ಆಗಾಗ ಅದರ ನಡುವೆ ಒಂದು ಚೂರು ಕಾಗದ ಸಿಕ್ಕಿಸಿ ಎಳೆದು ನೋಡುತ್ತಿದ್ದ. ಮಗಳು ಚಿಕ್ಕವಳಿದ್ದಾಗ ಫ್ರಿಜ್ ತೆರೆದುಕೊಂಡು ಏನು ತಿನ್ನಲಿ ಎಂದು ನಿಂತರೆ ಸಾಕು, ಒಳಕೋಣೆಯಿಂದಲೇ ಕೂಗುತ್ತಿದ್ದ: "ಯೋಚನೆ ಮಾಡೋದಿದ್ರೆ ಬಾಗಿಲು ಹಾಕಿ ಮಾಡಮ್ಮಾ!" ಮನೆಗೆ ಬಂದ ನೆಂಟರು ಬಚ್ಚಲಿಗೆ ಹೋಗಲೂ ಹೆದರುತ್ತಿದ್ದರು.

ಇದನ್ನೆಲ್ಲ ಜಿಪುಣತನ ಎಂದು ಜನ ಆಡಿಕೊಂಡರು. ಆಡಿಕೊಳ್ಳುವವರಿಗೇನು, ಬಾಯಿದೆ, ಆಡಿಕೊಳ್ಳುತ್ತಾರೆ. ನಿಜ ಏನೆಂದರೆ, ಅವನು ಅರ್ಧ ಆಯಸ್ಸನ್ನು ಒಂದು ಹಳೆಯ ಡೀಸೆಲ್ ಟ್ಯಾಕ್ಸಿಯಲ್ಲಿ ಸವೆಸಿದ್ದ. ಅದನ್ನು ಬೆಳಗ್ಗೆ ಬೆಳಗ್ಗೆ ಅಡುಗೆಮನೆಯ ಕಿಟಕಿಯ ಕೆಳಗೆ ನಿಲ್ಲಿಸಿ, ಇಂಜಿನ್ ಬಿಸಿಯಾಗಲೆಂದು ಗುರ್ ಎನ್ನಿಸುತ್ತಿದ್ದ. ಮೇಲೆ ಒಲೆಯ ಮುಂದೆ ಹೆಂಡತಿ ನಿಂತಿರುತ್ತಿದ್ದಳು. ಅವಳಿಗೆ ಉಬ್ಬಸ. ಕಿಟಕಿ ಹಾಕಿಕೊಂಡರೆ ಸೆಕೆ, ತೆಗೆದರೆ ಗಂಡನ ಗಾಡಿಯ ಹೊಗೆ. ಅವಳು ಒಂದು ದಿನವೂ ದೂರಲಿಲ್ಲ. ಕೊನೆಗೆ ಆ ಉಬ್ಬಸವೇ ಅವಳನ್ನು ಕೊಂಡೊಯ್ದಿತು. ಅದಕ್ಕೂ ಹೊಗೆಗೂ ಸಂಬಂಧವಿಲ್ಲ, ಹುಟ್ಟಿನಿಂದ ಬಂದ ಕಾಯಿಲೆ ಎಂದು ಡಾಕ್ಟರು ಹೇಳಿದರು. ಹಬೆಯಣ್ಣ ತಲೆಯಾಡಿಸಿದ. ನಂಬಲಿಲ್ಲ. ಆಮೇಲೆ ಅವನಿಗೆ ಹೊಗೆ ಎಂದರೆ ಕೊಲೆಯೇ ಆಗಿ ಕಾಣತೊಡಗಿತು.

ಹಾಗಿರುವಾಗ ಒಂದು ಕಂಪನಿಯವರು ಪೇಟೆಯಾಚೆ ಗೋದಾಮುಗಳ ಸಾಲಿನ ಕೊನೆಗೆ ಹೈಡ್ರೋಜನ್ ಪಂಪು ಹಾಕಿ, ಟ್ಯಾಕ್ಸಿಯವರನ್ನು ಕರೆದು ಭಾಷಣ ಮಾಡಿದರು. ಶಾಲೆಯಲ್ಲಿ ಜಲಜನಕ ಎಂದು ಓದಿದ್ದೆವಲ್ಲ, ಅದೇ ಗ್ಯಾಸು. ಕಾರಿನೊಳಗಿನ ಪೆಟ್ಟಿಗೆಯಲ್ಲಿ ಅದು ಗಾಳಿಯೊಂದಿಗೆ ಸೇರಿ ಕರೆಂಟಾಗುತ್ತದೆ, ಕರೆಂಟಿನಿಂದ ಗಾಡಿ ಓಡುತ್ತದೆ, ಹೊರಗೆ ಬೀಳುವುದು ಬರೀ ನೀರು. ಮುಂದೆ ಮನೆಗಳಿಗೂ ಇಂಥದ್ದೇ ಪೆಟ್ಟಿಗೆ ಬರುತ್ತದೆ, ಗೋಡೆಗೆ ತಗುಲಿಸಿದರೆ ದೀಪಕ್ಕೆ ಕರೆಂಟು, ಸ್ನಾನಕ್ಕೆ ಬಿಸಿನೀರು ಎರಡೂ ಅದರಿಂದಲೇ ಎಂದರು. ಉಳಿದವರು ಕೊಟ್ಟ ಬಿಸ್ಕತ್ತು ತಿಂದು ಎದ್ದು ಹೋದರು. ಹಬೆಯಣ್ಣ ಮಾತ್ರ ಕೂತಲ್ಲೇ ಕೂತಿದ್ದ. ಅವನ ಕಣ್ಣಲ್ಲಿ ನೀರು ತುಂಬಿತ್ತು.

ಕಾರು ಬಂದ ಮೇಲೆ ಅವನು ಸುಮ್ಮನಿದ್ದನೇ? ಎರಡೂ ಕೈಯಲ್ಲಿ ಸ್ಟೇರಿಂಗು, ಬಾಯಲ್ಲಿ ಹೈಡ್ರೋಜನ್ನು. ಹತ್ತಿದ ಗಿರಾಕಿ ಇಳಿಯುವಷ್ಟರಲ್ಲಿ ಅರ್ಧ ಇಂಜಿನಿಯರ್ ಆಗಿರುತ್ತಿದ್ದ. ಸ್ಟ್ಯಾಂಡಿನಲ್ಲಿ ಕಾರಿನ ಕೊಳವೆಯ ಕೆಳಗೆ ಲೋಟ ಹಿಡಿದು, ಬಿದ್ದ ನೀರನ್ನು ಎಲ್ಲರೆದುರು ಗಟಗಟ ಕುಡಿದು ತೋರಿಸಿದ. ಒಬ್ಬರಾದ ಮೇಲೊಬ್ಬರು ಡೀಸೆಲ್ ಗಾಡಿ ಮಾರಿ ಇದಕ್ಕೆ ಬಂದರು. ಕಂಪನಿಯ ಮಾತು ನಂಬಿ ಬಂದವರಲ್ಲ ಅವರು, ಹಬೆಯಣ್ಣನ ಮಾತು ನಂಬಿ ಬಂದವರು. ಅವನು ಯಾವತ್ತೂ ಸುಳ್ಳಾಡಿದವನಲ್ಲ ಎಂಬುದು ಸ್ಟ್ಯಾಂಡಿಗೆಲ್ಲ ಗೊತ್ತಿತ್ತು. ಕೊನೆಯದಾಗಿ ಬಂದವನು ಅವನ ಅಳಿಯ.

ಅಳಿಯ ದರ್ಜಿ. ಮೆತ್ತನೆಯ ಮನುಷ್ಯ, ಮಾತು ಕಡಿಮೆ. ಸಣ್ಣ ಅಂಗಡಿಯಲ್ಲಿ ಎರಡು ಹೊಲಿಗೆ ಮೆಷಿನ್ನು ಇಟ್ಟುಕೊಂಡು ನೆಮ್ಮದಿಯಾಗಿದ್ದ. ಆ ನೆಮ್ಮದಿ ಹಬೆಯಣ್ಣನಿಗೆ ದಂಡವಾಗಿ ಕಂಡಿತು. "ಸಿದ್ಧ ಉಡುಪಿನ ಕಾಲ ಇದು, ಅಳಿಯಂದ್ರೇ. ಇನ್ನೆಷ್ಟು ದಿನ ಗುಂಡಿ ಹೊಲೀತಾ ಕೂರ್ತೀರಿ?" ಎಂದು ಬೆನ್ನು ಹತ್ತಿದ. ಮಗಳು ಬೇಡವೆಂದಳು. "ಅಪ್ಪಾ, ಅವರಿಗೆ ಬಟ್ಟೆ ಗೊತ್ತು. ರಸ್ತೆ ಗೊತ್ತಿಲ್ಲ" ಎಂದಳು. ಕೇಳಿಸಿಕೊಂಡವರು ಯಾರು? ಅಂಗಡಿ ಹೋಯಿತು, ಮೆಷಿನ್ನುಗಳು ಹೋದವು, ಕಾರು ಬಂತು. ಸ್ಟ್ಯಾಂಡಿನವರು ಮಾತ್ರ ಅವನನ್ನು 'ದರ್ಜಿ' ಎಂದು ಕರೆಯುವುದನ್ನು ಬಿಡಲಿಲ್ಲ. ತಮ್ಮವನೆಂದು ಒಪ್ಪಿಕೊಳ್ಳಲೂ ಇಲ್ಲ.

ಪಂಪಿನದೊಂದು ಚಾಳಿ ಹೇಳಬೇಕು. ಅಲ್ಲಿ ಗ್ಯಾಸನ್ನು ಗಡ್ಡೆಗಟ್ಟುವ ಚಳಿಗೆ ಇಳಿಸಿ, ಒತ್ತಿ ಒತ್ತಿ ತುಂಬುತ್ತಾರೆ. ಹಾಗೆ ತುಂಬುವಾಗ ಸುತ್ತಲಿನ ಗಾಳಿಯ ತೇವವೆಲ್ಲ ಪೈಪಿನ ತುದಿಯ ನಾಝಲ್ಲಿನ ಮೇಲೆ ಹೆಪ್ಪುಗಟ್ಟಿ, ಕಾರಿನ ಬಾಯಿ ಮತ್ತು ನಾಝಲ್ಲು ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತಿದ್ದವು. ಎಳೆದರೆ ಮುರಿಯುತ್ತದೆ. ಬಿಸಿನೀರು ಹುಯ್ದರೆ ಥಟ್ಟನೆ ಬಿಡುತ್ತದೆ, ಆದರೆ ಆ ನೀರು ನಾಝಲ್ಲಿನೊಳಗೆ ಇಳಿದು, ಮುಂದಿನ ಕಾರಿಗೆ ಹಾಕಿದಾಗ ಮಂಜಾಗಿ, ಒಳಗಿನ ರಬ್ಬರ್ ಉಂಗುರವನ್ನು ಸೀಳುತ್ತದೆ. ಹಾಗಾಗಿ ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ನಾಝಲ್ಲನ್ನು ಎರಡೂ ಅಂಗೈಯಲ್ಲಿ ಹಿಡಿದು, ಅದು ತಾನಾಗಿ ಬಿಡುವವರೆಗೂ ಕಾಯಬೇಕು. ಈ ಉಪಾಯ ಕಂಡುಹಿಡಿದವನು ಹಬೆಯಣ್ಣ. ಕೋಳಿ ಮೊಟ್ಟೆಗೆ ಕೂತಂತೆ ಕೂರಬೇಕಾದ್ದರಿಂದ ಡ್ರೈವರುಗಳು ಅದನ್ನು 'ಕಾವು ಕೊಡೋದು' ಎಂದರು. ಕಾರಿನವನು ಗಾಡಿ ತೆಗೆಯಲು ಸ್ಟೇರಿಂಗಿನ ಮುಂದೆ ತಯಾರಾಗಿರಬೇಕು, ಅವನ ಹಿಂದೆ ನಿಂತವನು ಕಾವು ಕೊಡಬೇಕು. ಇದು ಅಲ್ಲಿಯ ಪದ್ಧತಿಯಾಯಿತು. ಯಾರಾದರೂ ನೀರಿನ ಬಾಟಲಿ ಹಿಡಿದು ಪಂಪಿನ ಹತ್ತಿರ ಸುಳಿದರೆ ಹಬೆಯಣ್ಣ ಮೈಮೇಲೆ ಬಂದವನಂತೆ ಆಡುತ್ತಿದ್ದ.

ಕೆಲವು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಬ್ಯಾಟರಿ ಕಾರುಗಳು ಬಂದವು. ಮನೆಯ ಗೋಡೆಗೇ ವೈರು ಸಿಕ್ಕಿಸಿ ಚಾರ್ಜು ಮಾಡಿಕೊಳ್ಳುವುದನ್ನು ಬಿಟ್ಟು ಗೋದಾಮಿನ ಸಾಲಿಗೆ ಯಾರು ಬರುತ್ತಾರೆ? ಹೈಡ್ರೋಜನ್ ಕಾರು ಮಾರುವವರು ಮಾರುವುದನ್ನು ನಿಲ್ಲಿಸಿದರು. ಮನೆಯ ಗೋಡೆಯ ಪೆಟ್ಟಿಗೆ ಭಾಷಣದಿಂದ ಕೆಳಗಿಳಿಯಲೇ ಇಲ್ಲ. ಬಿಸ್ಕತ್ತು ಕೊಟ್ಟ ಮಹನೀಯರು ಬೇರೆ ಊರಿಗೆ, ಬೇರೆ ಭಾಷಣಕ್ಕೆ ಹೋದರು. ಪಂಪಿನಲ್ಲಿದ್ದ ಎರಡು ನಾಝಲ್ಲುಗಳಲ್ಲಿ ಒಂದು ಕೆಟ್ಟಿತು. ಬಿಡಿಭಾಗ ಬರಲಿಲ್ಲ. ಕೆಟ್ಟದ್ದರ ಉಂಗುರ, ಸ್ಪ್ರಿಂಗು ಬಿಚ್ಚಿ ಬಿಚ್ಚಿ ಇನ್ನೊಂದನ್ನು ಬದುಕಿಸುತ್ತ ಬಂದವರು ಪಂಪು ನೋಡಿಕೊಳ್ಳುತ್ತಿದ್ದ ಮೇಡಂ. ಇನ್ನೊಂದು ಪಂಪು ಇದ್ದುದು ದೂರದ ಊರಲ್ಲಿ. ಟ್ಯಾಂಕು ತುಂಬಿಸಿಕೊಂಡು ಹೊರಟರೂ ಅಲ್ಲಿಗೆ ಮುಟ್ಟುವ ಮೊದಲೇ ಖಾಲಿಯಾಗುವಷ್ಟು ದೂರ. ಇದು ನಿಂತರೆ ಸ್ಟ್ಯಾಂಡಿನ ಹನ್ನೊಂದು ಕಾರುಗಳೂ ತಗಡು.

ಅಳಿಯನ ಮನೆಯಲ್ಲಿ ಮಾತು ನಿಂತುಹೋಗಿತ್ತು. ಹಬೆಯಣ್ಣ ಹೋದರೆ ಮಗಳು ಟೀ ಕೊಡುತ್ತಿದ್ದಳು, ಎದುರು ಕೂರುತ್ತಿರಲಿಲ್ಲ. ಒಂದು ದಿನ ಬಾಗಿಲವರೆಗೆ ಬಂದು, "ಅಪ್ಪಾ, ಪಂಪು ನಿಂತ್ರೆ ನಾವು ಇವರಣ್ಣನ ಮನೆ ಸೇರ್ಕೋಬೇಕು. ಅಲ್ಲಿ ಹೇಗಿರುತ್ತೆ ಅಂತ ನಿನಗೂ ಗೊತ್ತು" ಎಂದಳು. ಬೈದಿದ್ದರೆ ವಾಸಿಯಿತ್ತು. ಅವನು ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡೇ ಇಳಿದ. ಹೆಂಡತಿಯ ಉಸಿರು ಉಳಿಸಲಾಗಲಿಲ್ಲ, ಮಗಳ ಸಂಸಾರವನ್ನಾದರೂ ಉಳಿಸಬೇಕು. ಅವತ್ತಿನಿಂದ ಅವನ ತಲೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ. ಊಟ ರುಚಿಸಲಿಲ್ಲ, ಗಿರಾಕಿಗಳ ಜೊತೆ ಮಾತು ಸತ್ತಿತು. ಕೆಂಪು ದೀಪದಲ್ಲಿ ನಿಂತಾಗ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಕೂರುತ್ತಿದ್ದ, ಹಿಂದಿನವರು ಹಾರನ್ ಮಾಡಿ ಎಬ್ಬಿಸಬೇಕಾಗುತ್ತಿತ್ತು.

ಆಗ ಪಂಪಿನ ಮೇಡಂ ಒಂದು ಸುದ್ದಿ ತಂದರು. ಬೇರೊಂದು ಕಂಪನಿ ಪಂಪನ್ನು ಕೊಳ್ಳುವ ಯೋಚನೆ ಮಾಡಿದೆ, ನೋಡಲು ಜನ ಬರುತ್ತಾರೆ. ಗಿರಾಕಿಗಳಿದ್ದಾರೆ, ಯಂತ್ರ ನಡೆಯುತ್ತಿದೆ ಎಂದು ಅನಿಸಿದರೆ ತೆಗೆದುಕೊಳ್ಳುತ್ತಾರೆ. ಇಲ್ಲದಿದ್ದರೆ ಈ ತಿಂಗಳೇ ಬೀಗ.

ಹಬೆಯಣ್ಣನಿಗೆ ಹೋದ ಜೀವ ಬಂದಂತಾಯಿತು. ಎಲ್ಲರನ್ನೂ ಸೇರಿಸಿದ. ಎಲ್ಲ ಕಾರುಗಳೂ ಅವತ್ತು ಟ್ಯಾಂಕು ಬತ್ತಿಸಿಕೊಂಡು, ತೊಳೆದುಕೊಂಡು ಬಂದು ಸಾಲಾಗಿ ನಿಲ್ಲಬೇಕು. ನೋಡಿದವರಿಗೆ ಈ ಪಂಪಿಗೆ ಪುರುಸೊತ್ತೇ ಇಲ್ಲ ಅನ್ನಿಸಬೇಕು.

ಮೇಡಂ ಮುಖ ಹುಳ್ಳಗೆ ಮಾಡಿದರು. "ಒಂದರ ಹಿಂದೆ ಒಂದು ತುಂಬಿದ್ರೆ ನಾಝಲ್ಲು ಜಾಸ್ತಿ ಕಚ್ಚಿಕೊಳ್ಳುತ್ತೆ ಅಣ್ಣ. ಮಧ್ಯೆ ಬಿಡುವು ಕೊಡಲೇಬೇಕು. ಅದರಲ್ಲಿರೋದು ಕೊನೇ ಉಂಗುರ, ನೆನಪಿರಲಿ."

"ಬಿಡುವು ಕೊಟ್ರೆ ಸಾಲು ನಿಂತಲ್ಲೇ ನಿಂತಿರುತ್ತೆ ಮೇಡಂ. ಕೆಟ್ಟು ಕೂತಿದೆ ಅನ್ಕೋತಾರೆ. ಅದೊಂದಿನ. ಕಾವು ಕೊಡೋಕೆ ನಾನಿದೀನಲ್ಲ."

ಆ ದಿನ ಬಂದವರು ಇಬ್ಬರು. ಒಬ್ಬ ಮಾತಾಡುವವನು, ಇನ್ನೊಬ್ಬ ತಲೆಯಾಡಿಸುವವನು. ಮಗಳು ಪಂಪಿನ ಪಕ್ಕದ ಮೇಜಿನ ಮೇಲೆ ಕಪ್ಪು, ಸಕ್ಕರೆ, ದೊಡ್ಡ ಫ್ಲಾಸ್ಕಿನಲ್ಲಿ ಟೀಗೆಂದು ಕುದಿನೀರು ಇಟ್ಟುಕೊಂಡು ನಿಂತಿದ್ದಳು. ಅಪ್ಪ ಕರೆದಿದ್ದಕ್ಕೆ ಬಂದಿದ್ದಳು, ಗಂಡನಿಗಾಗಿ ಬಂದಿದ್ದಳು. ಮೊದಲ ಕಾರು ಗೊಣಗನದು. ಸದಾ ಏನಾದರೊಂದಕ್ಕೆ ಗೊಣಗುವವನಾದ್ದರಿಂದ ಆ ಹೆಸರು, ಆದರೆ ಹಬೆಯಣ್ಣನೆಂದರೆ ಪ್ರಾಣ. ಅವನದು ತುಂಬಿತು, ಸ್ವಲ್ಪ ಕಾವಿಗೇ ಬಿಟ್ಟಿತು. ಎರಡನೆಯದಕ್ಕೆ ಇನ್ನಷ್ಟು ಹೊತ್ತು ಹಿಡಿಯಿತು. ಮೂರನೆಯದು ದರ್ಜಿಯದು. ಅವನ ಹಿಂದೆ ಹಬೆಯಣ್ಣನ ಕಾರು.

ಮೇಡಂ ಬಂದವರನ್ನು ಹಿಂಭಾಗದ ಕಂಪ್ರೆಸರ್ ತೋರಿಸಲು ಕರೆದೊಯ್ದರು. ಡ್ರೈವರುಗಳೂ ಮದುವೆ ದಿಬ್ಬಣದವರ ಹಾಗೆ ಹಿಂದೆ ಹಿಂದೆ ಹೋದರು. ದರ್ಜಿಯ ಕಾರು ತುಂಬಿತು. ಹಬೆಯಣ್ಣ ಬಟ್ಟೆ ಸುತ್ತಿಕೊಂಡು ನಾಝಲ್ಲು ಹಿಡಿದ. ಬಿಡಲಿಲ್ಲ. ಹಿಮ ಅದರ ಮೇಲೆ ಬೆರಳು ದಪ್ಪಕ್ಕೆ ಕೂತಿತ್ತು. ಅಂಗೈ ಜೋಮು ಹಿಡಿಯಿತು, ಮೊಣಕೈವರೆಗೆ ಚಳಿ ಏರಿತು. ಇನ್ನೂ ಬಿಡಲಿಲ್ಲ. ಆಚೆಯಿಂದ ಬಂದವರ ಬೂಟಿನ ಸದ್ದು ಕೇಳಿತು. ಮಾತಾಡುವವನು ನಗುತ್ತಿದ್ದ, ತಲೆಯಾಡಿಸುವವನು ಗಡಿಯಾರ ನೋಡುತ್ತಿದ್ದ. ಇನ್ನೇನು ಗೋಡೆಯ ಮೂಲೆ ತಿರುಗುತ್ತಾರೆ, ತಿರುಗಿದರೆ ಕಾಣುವುದು ಮಂಜುಗಡ್ಡೆಯನ್ನು ತಬ್ಬಿಕೊಂಡು ಕೂತ ಒಬ್ಬ ಮುದುಕ. ಹಬೆಯಣ್ಣ ಮೇಜಿನ ಹತ್ತಿರ ನುಗ್ಗಿದ.

"ಅದನ್ನ ಕೊಡಮ್ಮಾ."

ಕೈ ಬಿಸಿ ಮಾಡಿಕೊಳ್ಳಲು ಕೇಳುತ್ತಿದ್ದಾನೆಂದುಕೊಂಡು ಮಗಳು ಫ್ಲಾಸ್ಕು ಕೊಟ್ಟಳು.

ದರ್ಜಿ ಕನ್ನಡಿಯಲ್ಲಿ ನೋಡಿದ. ಕಿಟಕಿಯಿಂದ ತಲೆ ಹೊರಹಾಕಿದ. "ಮಾವ, ನೀರು ಬೇಡ! ನೀವೇ ಹೇಳ್ತಿದ್ರಲ್ಲ!"

"ಒಂದೇ ಒಂದ್ಸಲ. ಒರೆಸಿ ಹಾಕ್ತೀನಿ. ನೀವು ಸುಮ್ನೆ ಗಾಡಿ ತೆಗೀರಿ."

ಹುಯ್ದ. ನಾಝಲ್ಲು ಮಗುವಿನ ಹಾಗೆ ಕೈಗೆ ಬಂತು. ದರ್ಜಿ ಗಾಡಿ ಮುಂದೆ ತೆಗೆದ. ಹಬೆಯಣ್ಣ ಒದ್ದೆ ನಾಝಲ್ಲನ್ನು ಬಟ್ಟೆಯಿಂದ ಒರೆಸಿದ, ಬಾಯೊಳಗೆ ಬೆರಳಾಡಿಸಿದ, ಊದಿದ. ಒಣಗಿದಂತೆ ಕಂಡಿತು. ಒಣಗಿರಲೆಂದು ಆಸೆಪಟ್ಟವನಿಗೆ ಇನ್ನು ಹೇಗೆ ಕಾಣುತ್ತದೆ? ತನ್ನ ಕಾರನ್ನು ತಂದು ನಿಲ್ಲಿಸಿ ನಾಝಲ್ಲು ಕೂರಿಸಿದ. ಅಷ್ಟರಲ್ಲಿ ಬಂದವರು ಎದುರಿಗೇ ಬಂದು ನಿಂತರು. ಗ್ಯಾಸು ಹರಿಯತೊಡಗಿತು. "ನೋಡಿ ಸಾರ್, ಎಷ್ಟು ಸಲೀಸು" ಎಂದು ಅವನು ಬಾಯಿ ತೆರೆದ.

ಗಟ್ಟಿ ಬಟ್ಟೆ ಹರಿದಂಥ ಸದ್ದು. ನಾಝಲ್ಲಿನಿಂದ ಬಿಳಿ ಮಂಜು ಬುಸ್ಸೆಂದು ಚಿಮ್ಮಿತು. ಸೈರನ್ನು ಕಿರುಚಿತು, ಕಂಪ್ರೆಸರು ನಿಂತಿತು, ಮೇಡಂ ಓಡಿಹೋಗಿ ಕೆಂಪು ಗುಂಡಿ ಒತ್ತಿದರು. ಯಾರಿಗೂ ಏನೂ ಆಗಲಿಲ್ಲ. ಬಂದವರು ರಸ್ತೆಯವರೆಗೆ ಓಡಿ ಅಲ್ಲಿಂದಲೇ, "ತಿಳಿಸ್ತೀವಿ" ಎಂದು ಕೂಗಿ ಗಾಡಿ ಹತ್ತಿದರು. ಈ ಸಲ ತಲೆಯಾಡಿಸುವವನೂ ತಲೆಯಾಡಿಸಲಿಲ್ಲ.

ಮೇಡಂ ನಾಝಲ್ಲು ಬಿಚ್ಚಿದರು. ಎರಡು ತುಂಡಾದ ಉಂಗುರ, ಅದರೊಳಗೆ ಗಾಜಿನಂಥ ಮಂಜು. ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. "ನೀರು ಹೋಗಿದೆ. ಮುಗೀತು. ಇನ್ನು ಉಂಗುರ ಎಲ್ಲೂ ಇಲ್ಲ" ಎಂದವರು ತಲೆಯೆತ್ತಿ, "ಯಾರು ಹಾಕಿದ್ದು?" ಎಂದು ಕೇಳಿದರು.

ದರ್ಜಿಯ ಕಾರಿನ ಬಾಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲರ ಕಣ್ಣೂ ಅಲ್ಲಿಗೆ ಹೋಯಿತು, ಅಲ್ಲಿಂದ ದರ್ಜಿಯ ಕಡೆಗೆ ಹೋಯಿತು. ದರ್ಜಿ ಮಾವನನ್ನು ನೋಡಿದ. ಮನೆಯವರ ಹೊರತು ಯಾರೂ ನೋಡಿಲ್ಲ, ಎಂದು ಹಬೆಯಣ್ಣನ ಮನಸ್ಸು ಹೇಳಿತು. ಮನಸ್ಸು ಹಾಗೆ ಹೇಳಿದ್ದು ನಿಜ, ಅದನ್ನು ಮುಚ್ಚಿಟ್ಟು ಉಪಯೋಗವಿಲ್ಲ. ಒಂದು ಗುಟುಕು ನೀರು ನುಂಗುವಷ್ಟು ಹೊತ್ತು ಅವನು ಆ ಮಾತನ್ನು ಕೇಳಿಸಿಕೊಂಡ. ಅಷ್ಟರಲ್ಲಿ ಗೊಣಗ ದರ್ಜಿಯ ಕಾಲರ್ ಹಿಡಿದಾಗಿತ್ತು.

"ಸೂಜಿ ಹಿಡಿಯೋ ಕೈಗೆ ಪಂಪು ಕೊಟ್ರೆ ಇನ್ನೇನಾಗುತ್ತೆ! ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೆದ್ಯಲ್ಲೋ!"

"ಬಿಡೋ ಅವರನ್ನ!" ಹಬೆಯಣ್ಣ ಕಿರುಚಿದ. "ನಾನು! ನಾನೇ ನೀರು ಹಾಕಿದ್ದು!"

ಗೊಣಗ ಕಾಲರ್ ಬಿಟ್ಟ. ತಿರುಗಿದಾಗ ಅವನ ಕಣ್ಣುಗಳು ಒದ್ದೆಯಾಗಿದ್ದವು. "ಸಾಕು ಬಿಡಿ ಅಣ್ಣ. ಮಗಳ ಮುಖ ನೋಡ್ಕೊಂಡು ಇವನ ತಪ್ಪನ್ನ ನಿಮ್ಮ ಮೈಮೇಲೆ ಎಳ್ಕೋಬೇಡಿ."

"ಅಲ್ಲ ಕಣೋ, ನಿಜವಾಗ್ಲೂ ನಾನೇ. ಫ್ಲಾಸ್ಕು ತಗೊಂಡು…"

"ನೀವು? ಪಂಪಿನ ಹತ್ರ ನೀರಿನ ಬಾಟ್ಲಿ ಕಂಡ್ರೆ ಹೊಡೆಯೋಕೆ ಬರೋರು ನೀವು. ನಮಗೆಲ್ಲ ಕಾವು ಕೊಡೋದು ಕಲಿಸಿದೋರು ನೀವು. ನೀವು ನೀರು ಹಾಕಿದ್ರಾ?"

ಹಬೆಯಣ್ಣ ಮಗಳ ಕಡೆ ಕೈ ತೋರಿಸಿದ. "ಅವಳನ್ನ ಕೇಳಿ! ಫ್ಲಾಸ್ಕು ಕೊಟ್ಟಿದ್ದೇ ಅವಳು!"

ಮಗಳು ಮುಂದೆ ಬಂದಳು. ಸ್ಪಷ್ಟವಾಗಿ ಹೇಳಿದಳು. "ಹೌದು. ಅಪ್ಪನೇ ಹಾಕಿದ್ದು. ಇವರು ಬೇಡ ಬೇಡ ಅಂದ್ರು."

ಗುಂಪಿನಲ್ಲಿ ಗುಸುಗುಸು ಎದ್ದಿತು. ಮೇಡಂ ಕೂಡ ಅವಳ ಕಡೆ ಬೇಸರದಿಂದ ನೋಡಿದರು. ಗೊಣಗ ಮೆಲ್ಲಗೆ, ಮನಸ್ಸು ನೊಂದವನ ಹಾಗೆ ಹೇಳಿದ: "ಗಂಡನ್ನ ಉಳಿಸ್ಕೊಳ್ಳೋಕೆ ಅಂತ ಹೆತ್ತ ತಂದೇನ ಸಿಕ್ಕಿಸ್ತೀಯಲ್ಲಮ್ಮ. ಅವರೋ ದೊಡ್ಡ ಮನುಷ್ಯರು, ಒಪ್ಕೊಂಡ್ರು. ನಿನಗೆ ಬಾಯಾದ್ರೂ ಹೇಗೆ ಬಂತು?"

ಮಗಳು ಅಪ್ಪನನ್ನು ನೋಡಿದಳು. ಇನ್ನೊಂದು ಮಾತು ಹೇಳು, ಇವರು ನಂಬುವಂಥದ್ದು ಏನಾದರೂ ಹೇಳು ಎಂದು ಬೇಡುವ ನೋಟ. ಹಬೆಯಣ್ಣ ಆಣೆ ಇಟ್ಟ. ಸತ್ತ ಹೆಂಡತಿಯ ಮೇಲೆ ಆಣೆ ಇಟ್ಟ. ಜನ ತಲೆ ತಗ್ಗಿಸಿದರು. ಒಬ್ಬ ಕಣ್ಣೊರೆಸಿಕೊಂಡ. ಮಗಳಿಗಾಗಿ ಸತ್ತವಳ ಮೇಲೂ ಆಣೆ ಇಡುವ ಮನುಷ್ಯನನ್ನು ಕಂಡು ಅವರ ಗೌರವ ಇನ್ನಷ್ಟು ಹೆಚ್ಚಿತು. ದರ್ಜಿ ಕಾರಿನ ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು ನಡೆಯತೊಡಗಿದ. ಮಗಳು ಕಪ್ಪುಗಳನ್ನು ಹಾಗೇ ಬಿಟ್ಟು ಅವನ ಹಿಂದೆ ಹೋದಳು.

"ನಿಲ್ಲಮ್ಮಾ! ಅಳಿಯಂದ್ರೇ, ನಿಲ್ರೀ!"

ಅವರು ನಿಲ್ಲಲಿಲ್ಲ. ಅವನು ಓಡಲು ನೋಡಿದ. ಯಾರೋ ಕುರ್ಚಿ ತಂದರು, ಇನ್ಯಾರೋ ಹೆಗಲು ಹಿಡಿದು ಕೂರಿಸಿದರು. "ನಾನು ಕಣ್ರೋ, ನಾನು" ಎಂದು ಅವನು ಎಳೆಯ ಮಗುವಿನ ಹಾಗೆ ಅಳುತ್ತಿದ್ದ. ಗೊಣಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅವನ ಬೆನ್ನು ನೇವರಿಸಿದ.

"ಪಾಪ, ಸುಳ್ಳು ಹೇಳಿ ಅಭ್ಯಾಸ ಇಲ್ಲ ನಮ್ಮಣ್ಣಂಗೆ," ಎಂದ ಉಳಿದವರಿಗೆ. "ನೋಡಿ, ಒಂದು ಹೇಳೋಕೆ ಹೋಗಿ ಎಷ್ಟು ಒದ್ದಾಡ್ತಿದಾರೆ."